ಮೀನಿನ ಹಿಂದೆ ಹೋದ ಕ್ಯಾಮೆರಾ: ಮಲ್ಪೆ, ಪಡುಕೆರೆ, ಗಂಗೊಳ್ಳಿ

ಗುರುವಾರ

ಮೀನುಗಾರಿಕೆ ಬಂದರಿನ ಫೋಟೋ ತೆಗೆಯೋಕೆ ಡಿಸೆಂಬರ್ ಒಳ್ಳೆ ತಿಂಗಳು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಸಣ್ಣ ಮೋಟಾರಿನ ನಾಡದೋಣಿಗಳದ್ದೇ ಕಾಲ. ಆಗಸ್ಟ್‌ನಲ್ಲಿ ಬೋಟು ಇಳಿದರೂ ಮಳೆ ಬಿಟ್ಟಿರೋದಿಲ್ಲ. ಅಕ್ಟೋಬರ್ ಕಳೆದ ಮೇಲೆ ಆಕಾಶ ತಿಳಿಯಾಗುತ್ತದೆ, ಗಾಳಿ ತಣ್ಣಗಾಗುತ್ತದೆ. ಬೋಟುಗಳೂ ಪೂರ್ತಿ ಕೆಲಸದಲ್ಲಿರುತ್ತವೆ. ಡಿಸೆಂಬರ್ ಕೊನೆಗೆ ಉಡುಪಿ ಕಡೆ ಸೂರ್ಯ ಹುಟ್ಟೋದು 6:50ರ ಸುಮಾರಿಗೆ. ಅಂದ್ರೆ ಕತ್ತಲಲ್ಲಿ, ಅರೆಬೆಳಕಿನಲ್ಲಿ ಕೆಲಸ ಮಾಡೋಕೆ ಸಾಕಷ್ಟು ಹೊತ್ತು ಸಿಗುತ್ತದೆ.

ನಾವು ತೀರ್ಥಹಳ್ಳಿ ಕಡೆಯವರು. ಆಗುಂಬೆ ಘಾಟಿ ಇಳಿದು, ಹೆಬ್ರಿಯಲ್ಲಿ ಚಹಾ ಕುಡಿದು, ಉಡುಪಿ ದಾಟಿ ಮಲ್ಪೆಗೆ ಬಂದಾಗ ಮಧ್ಯಾಹ್ನ ಕಳೆದಿತ್ತು. ಜೊತೆಗೆ ಗೆಳೆಯ ಇದ್ದ. ಅವನ ತಾಯಿಯ ಮನೆ ಕಲ್ಮಾಡಿ ಹತ್ತಿರ, ತುಳು ಚೆನ್ನಾಗಿ ಬರುತ್ತದೆ. ಮಲ್ಪೆಯಲ್ಲಿ ತುಳು ಬರುವವರೊಬ್ಬರು ಪಕ್ಕದಲ್ಲಿದ್ದರೆ ಅರ್ಧ ಕೆಲಸ ಆದಂತೆಯೇ.

ಮೊದಲ ದಿನ ಕ್ಯಾಮೆರಾ ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಇದು ನಾನು ಎಲ್ಲಿ ಹೋದರೂ ಇಟ್ಟುಕೊಂಡ ಪದ್ಧತಿ. ಕೆಲಸ ನಡೆಯುವ ಜಾಗಕ್ಕೆ ಹೋದಾಗ ಮೊದಲು ಸುಮ್ನೆ ಓಡಾಡಬೇಕು. ಯಾರು ಎಲ್ಲಿಂದ ಬರುತ್ತಾರೆ, ಕೈಗಾಡಿ ಯಾವ ದಾರಿಯಲ್ಲಿ ಓಡುತ್ತದೆ, ದೀಪದ ಕಂಬ ಎಲ್ಲಿದೆ, ನೆಲ ಎಲ್ಲಿ ಜಾರುತ್ತದೆ, ಇಷ್ಟನ್ನು ನೋಡಿಕೊಳ್ಳಬೇಕು. ಮಲ್ಪೆ ಬಂದರು ಇರೋದು ಉದ್ಯಾವರ ಹೊಳೆ ಕಡಲು ಸೇರುವ ಕಡೆ. ಹೊಳೆಯ ಆಚೆ ದಡ ಪಡುಕೆರೆ. ಹೊಳೆಯೂ ಕಡಲೂ ಸೇರುವ ಅಳಿವೆ ಬಾಯಿಯಿಂದ ಬೋಟುಗಳು ಒಳಗೆ ಬಂದು, ದಕ್ಕೆಯಲ್ಲಿ, ಅಂದರೆ ಮೀನು ಇಳಿಸುವ ಕಟ್ಟೆಯಲ್ಲಿ, ಒಂದರ ಪಕ್ಕ ಒಂದು ನಿಲ್ಲುತ್ತವೆ. ಜಾಗ ಸಾಲದೆ ನಾಲ್ಕೈದು ಬೋಟು ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಹೊರಗಿನ ಬೋಟಿನವರು ಒಳಗಿನ ಬೋಟುಗಳನ್ನು ದಾಟಿಕೊಂಡೇ ದಡಕ್ಕೆ ಬರಬೇಕು, ತಲೆ ಮೇಲೆ ಬುಟ್ಟಿ ಇದ್ದರೂ ಅಷ್ಟೇ.

ಬೋಟುಗಳಲ್ಲೂ ಬಗೆ ಬಗೆ. ಬೆಳಿಗ್ಗೆ ಹೋಗಿ ಸಂಜೆಗೆ ಬರುವ ಸಣ್ಣ ಟ್ರಾಲ್ ಬೋಟುಗಳಿವೆ. ಮಂಜುಗಡ್ಡೆ, ಡೀಸೆಲ್, ಅಕ್ಕಿ, ನೀರು ಎಲ್ಲ ತುಂಬಿಕೊಂಡು ವಾರ, ಹತ್ತು ದಿನ ಕಡಲಲ್ಲೇ ಇರುವ ಆಳಸಮುದ್ರದ ಬೋಟುಗಳಿವೆ. ಇಪ್ಪತ್ತೈದು ಮೂವತ್ತು ಜನ ಸೇರಿ ಬಲೆ ಸುತ್ತುವ ಪರ್ಸೀನ್ ಬೋಟುಗಳಿವೆ. ಹಳೆಯವು ಮರದವು, ಈಗ ಉಕ್ಕಿನ ಬೋಟು ಜಾಸ್ತಿಯಾಗುತ್ತಿವೆ. ನೀಲಿ, ಕೆಂಪು, ಹಳದಿ, ಹಸಿರು ಬಣ್ಣ. ಮುಂಭಾಗದಲ್ಲಿ ದೇವರ ಹೆಸರು, ದೈವದ ಹೆಸರು, ಮಕ್ಕಳ ಹೆಸರು.

ಸಂಜೆ ದಕ್ಕೆ ಪಕ್ಕದ ಚಹಾ ಅಂಗಡಿಯಲ್ಲಿ ಹಿರಿಯರೊಬ್ಬರು ಸಿಕ್ಕಿದರು. ತುಂಬ ವರ್ಷ ತಾಂಡೇಲರಾಗಿದ್ದವರು, ಅಂದರೆ ಬೋಟು ನಡೆಸುವವರು. ಈಗ ಕಡಲಿಗೆ ಹೋಗೋದಿಲ್ಲ. ಆದರೂ ದಿನಾ ಬಂದರಿಗೆ ಬರುತ್ತಾರೆ. ನಾವು ಬಂದ ಕೆಲಸ ಕೇಳಿ ಅವರು ಹೇಳಿದ್ದು ಇಷ್ಟು.

"ಸೂರ್ಯ ಹುಟ್ಟುವಾಗ ಬಂದ್ರೆ ನಿಮಗೆ ಖಾಲಿ ಬುಟ್ಟಿ ಸಿಗ್ತದೆ ಮಾರಾಯ್ರೆ. ನಾಲ್ಕಕ್ಕೆ ಬನ್ನಿ. ಬಂದು ಬೋಟು ನೋಡಿಕೊಂಡು ನಿಲ್ಬೇಡಿ. ಮೀನಿನ ಹಿಂದೆ ಹೋಗಿ. ಮೀನು ಎಲ್ಲಿಗೆ ಹೋಗ್ತದೋ ಜನ ಅಲ್ಲಿರ್ತಾರೆ."

ಮುಂದಿನ ದಿನಗಳಲ್ಲಿ ನಾನು ಮಾಡಿದ್ದು ಇದನ್ನೇ.

ಶುಕ್ರವಾರ

ನಾಲ್ಕು ಗಂಟೆಗೆ ಹೊರಟೆವು. ಒಂದು ಸಣ್ಣ ವಿಷಯ, ಕರಾವಳಿಗೆ ಹೋಗುವವರಿಗೆ ಉಪಯೋಗಕ್ಕೆ ಬಂದೀತು: ರಾತ್ರಿ ಏಸಿ ರೂಮಲ್ಲಿ ಕ್ಯಾಮೆರಾ ಇಟ್ಟು ಬೆಳಿಗ್ಗೆ ಹೊರಗೆ ತಂದರೆ ಲೆನ್ಸ್ ತುಂಬ ಹಬೆ ಕೂರುತ್ತದೆ, ಎಷ್ಟು ಒರೆಸಿದರೂ ಮತ್ತೆ ಬರುತ್ತದೆ. ಹಾಗಾಗಿ ಚೀಲವನ್ನು ರಾತ್ರಿಯೆಲ್ಲ ಹೊರಗಿನ ಗಾಳಿ ಬರುವ ಕಡೆ ಇಟ್ಟಿದ್ದೆ. ಕಾಲಿಗೆ ರಬ್ಬರ್ ಬೂಟು. ಕೊರಳಲ್ಲಿ ಒಂದೇ ಕ್ಯಾಮೆರಾ, 35 ಎಂಎಂ ಲೆನ್ಸ್. ಟ್ರೈಪಾಡ್ ಒಯ್ಯಲಿಲ್ಲ. ಬಂದರಿನಲ್ಲಿ ಟ್ರೈಪಾಡ್ ನಿಲ್ಲಿಸಿದರೆ ಕೆಲಸ ಮಾಡುವವರ ದಾರಿಗೆ ಅಡ್ಡ. ಫ್ಲಾಶ್ ಅಂತೂ ಬೇಡವೇ ಬೇಡ. ಬುಟ್ಟಿ ಹೊತ್ತು ಹಲಗೆ ಮೇಲೆ ನಡೆಯುವವನ ಕಣ್ಣಿಗೆ ಬೆಳಕು ಹೊಡೆದರೆ ಅವನು ನೀರಿಗೆ ಬೀಳಬಹುದು.

ಗೇಟು ದಾಟುವ ಮೊದಲೇ ವಾಸನೆ ಬಂತು. ಹಸಿ ಮೀನು, ಡೀಸೆಲ್, ಒದ್ದೆ ಹಗ್ಗ ಎಲ್ಲ ಸೇರಿದ ವಾಸನೆ. ಆಮೇಲೆ ಸದ್ದು. ಇಂಜಿನ್ನು, ಮಂಜುಗಡ್ಡೆ ಪುಡಿ ಮಾಡುವ ಯಂತ್ರ, ಕ್ರೇಟು ಎಳೆಯುವ ಕೊಕ್ಕೆ ಸಿಮೆಂಟಿಗೆ ಉಜ್ಜುವ ಕರಕರ, ಹೆಂಗಸರ ಮಾತು. ದಕ್ಕೆ ಪೂರ್ತಿ ಎಚ್ಚರವಾಗಿತ್ತು. ಆಕಾಶ ಮಾತ್ರ ಕಪ್ಪು.

ಆಳಸಮುದ್ರದ ಬೋಟೊಂದು ಬಂದು ನಿಂತಿತ್ತು. ಬೋಟಿನ ಹೊಟ್ಟೆಯಲ್ಲಿ ಮೀನು, ಮಂಜುಗಡ್ಡೆ ಪುಡಿಯ ಮಧ್ಯೆ ಪದರ ಪದರವಾಗಿ. ಒಬ್ಬ ಕಲಾಸಿ, ಅಂದರೆ ಬೋಟಿನ ಕೆಲಸಗಾರ, ಸೊಂಟದವರೆಗೆ ಒಳಗಿಳಿದು ಗುದ್ದಲಿಯಂಥ ಸಲಿಕೆಯಲ್ಲಿ ಬುಟ್ಟಿ ತುಂಬಿಸುತ್ತಿದ್ದ. ಮೇಲಿನವನು ಬುಟ್ಟಿ ಎತ್ತಿ ಇನ್ನೊಬ್ಬನಿಗೆ, ಅವನು ದಡದವನಿಗೆ. ಮಾತಿಲ್ಲ. ಕೈ ಖಾಲಿಯಾಗುವ ಹೊತ್ತಿಗೆ ಸರಿಯಾಗಿ ಮುಂದಿನ ಬುಟ್ಟಿ ಬರುತ್ತದೆ. ಮೊದಲ ಅರ್ಧ ಗಂಟೆ ನಾನು ಈ ಸಾಲಿನ ಪಕ್ಕದಲ್ಲೇ ನಿಂತಿದ್ದೆ. ಬುಟ್ಟಿ ಒಂದು ಕೈಯಿಂದ ಬಿಟ್ಟು ಇನ್ನೊಂದು ಕೈಗೆ ಸಿಗುವ ಮಧ್ಯದ ಕ್ಷಣ ಬೇಕಿತ್ತು. ಆಗ ನಾಲ್ಕು ಕೈ, ಒಂದು ಬುಟ್ಟಿ, ಕೆಳಗೆ ಸುರಿಯುವ ಮಂಜು ನೀರು. ಹತ್ತಾರು ಸಲ ತೆಗೆದ ಮೇಲೆ ಕೆಲಸದ ತಾಳ ಸಿಕ್ಕಿತು. ಆಮೇಲೆ ಎಣಿಸಿಕೊಂಡು ಬಟನ್ ಒತ್ತುವಷ್ಟು ಸುಲಭವಾಯಿತು.

ಬೆಳಕಿನ ವಿಷಯ ಸ್ವಲ್ಪ ಹೇಳಬೇಕು. ಬಂದರಿನಲ್ಲಿ ಆ ಹೊತ್ತಿಗೆ ಇರುವುದು ಒಂದು ಬೆಳಕಲ್ಲ. ಎತ್ತರದ ಕಂಬದ ಎಲ್‌ಇಡಿ ದೀಪ ಬೆಳ್ಳಗೆ, ಬೋಟಿನ ಕ್ಯಾಬಿನ್ನಿನ ಬಲ್ಬು ಹಳದಿ, ಐದೂಮುಕ್ಕಾಲು ಆದ ಮೇಲೆ ಆಕಾಶದ ನೀಲಿ. ಕ್ಯಾಮೆರಾಗೆ ಬಿಟ್ಟರೆ ಪ್ರತಿ ಫೋಟೋದಲ್ಲೂ ಬಣ್ಣ ಬೇರೆ. ನಾನು ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಹೊಂದಾಣಿಕೆ, ಒಂದು ಕಡೆ ಕಟ್ಟಿಟ್ಟು ಕ್ಯಾಮೆರಾ ತಿದ್ದದ ರಾ ಫೈಲಿನಲ್ಲಿ ತೆಗೆಯುತ್ತೇನೆ. ಹಳದಿ ಹಳದಿಯಾಗೇ ಇರಲಿ, ನೀಲಿ ನೀಲಿಯಾಗೇ ಇರಲಿ. ಐಎಸ್‌ಓ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 3200, ಬೇಕಾದಾಗ 6400. ಶಟರ್ ಬಗ್ಗೆ ಮಾತ್ರ ಹುಷಾರು. ನಮ್ಮ ಕರೆಂಟು 50 ಹರ್ಟ್ಸ್. ಕೆಲವು ದೀಪಗಳು ಕಣ್ಣಿಗೆ ಕಾಣದ ಹಾಗೆ ಮಿಣುಕುತ್ತವೆ. ಶಟರ್ ತುಂಬ ವೇಗ ಇಟ್ಟರೆ ಫೋಟೋದಲ್ಲಿ ಅಡ್ಡಡ್ಡ ಪಟ್ಟಿ ಬೀಳುತ್ತದೆ. 1/100ರಲ್ಲಿ ಇಟ್ಟರೆ ತೊಂದರೆ ಇಲ್ಲ. ಕೈ ಓಡುವಾಗ ಸ್ವಲ್ಪ ಮಸುಕಾಗುತ್ತದೆ, ಆಗಲಿ. ಓಡುವ ಕೈ ಮಸುಕಾಗಿದ್ದರೇ ಓಡುತ್ತಿದೆ ಅನ್ನಿಸುತ್ತದೆ ಅಲ್ವಾ?

ತಾಂಡೇಲರು ಹೇಳಿದ ಹಾಗೆ ಮೀನಿನ ಹಿಂದೆ ಹೊರಟೆ. ಬುಟ್ಟಿ ದಕ್ಕೆಯ ನೆಲಕ್ಕೆ ಬಂದು ಸುರಿಯುತ್ತದೆ. ಸುತ್ತ ಕೂತವರು ಆರಿಸುತ್ತಾರೆ. ರಾಣಿ ಮೀನು ಒಂದು ಕಡೆ. ಇದನ್ನು ತುಳುವಿನಲ್ಲಿ ಮದಿಮಾಲ್ ಅನ್ನುತ್ತಾರೆ. ಗುಲಾಬಿ ಮೈ, ನೋಡೋಕೆ ಬಲು ಚೆಂದ. ಇದರಲ್ಲಿ ತುಂಬ ಪಾಲು ಮೀನಿನ ಮಾಂಸ ಅರೆದು ಮುದ್ದೆ ಮಾಡುವ ಸುರಿಮಿ ಕಾರ್ಖಾನೆಗೆ ಹೋಗುತ್ತದೆ. ಬೊಂಡಾಸ್ (ಸ್ಕ್ವಿಡ್), ಕಪ್ಪೆ ಬೊಂಡಾಸ್ (ಕಟಲ್ ಫಿಶ್) ಇನ್ನೊಂದು ಕಡೆ, ಅವು ಹೊರದೇಶಕ್ಕೆ. ಡಿಸ್ಕೊ ಅಂತ ಕರೆಯುವ ಕೆಂಪು ಮೀನು, ಕಣ್ಣೇ ಅರ್ಧ ಮುಖ. ಪಾಂಬೋಲ್, ಬೆಳ್ಳಿಯ ಪಟ್ಟಿಯಂತೆ ಉದ್ದ. ಅಂಜಲ್ (ಸೀರ್ ಫಿಶ್), ಮಾಂಜಿ (ಪಾಂಫ್ರೆಟ್) ಬಂದರೆ ಅದಕ್ಕೆ ಬೇರೆಯೇ ಮರ್ಯಾದೆ, ಮಂಜುಗಡ್ಡೆ ಮೇಲೆ ಜೋಡಿಸಿ ಇಡುತ್ತಾರೆ. ಕೊನೆಗೆ ಉಳಿಯುವ ಚಿಲ್ಲರೆ ಮೀನಿನ ರಾಶಿ ಮೀನು ಒಣಗಿಸಿ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ. ಆ ರಾಶಿಯಲ್ಲಿ ಬೆರಳುದ್ದದ ಮರಿಗಳೂ ಕಂಡವು. ಅದು ನನಗೆ ಬೇಸರದ ವಿಷಯ. ಮರಿ ಮೀನು ಹಿಡಿದರೆ ಮುಂದಿನ ವರ್ಷದ ಬಲೆಯಿಂದಲೇ ಕದ್ದ ಹಾಗೆ ಅಂತ ಅಲ್ಲೇ ಒಬ್ಬರು ಹೇಳಿದರು. ಹೇಳಿದವರು ಬೋಟಿನ ಮಾಲೀಕರೇ. ಆ ರಾಶಿಯದ್ದೂ ಫೋಟೋ ತೆಗೆದೆ, ಚೆಂದದ್ದು ಮಾತ್ರ ತೋರಿಸಿದರೆ ಬಂದರನ್ನು ತೋರಿಸಿದ ಹಾಗಾಗುವುದಿಲ್ಲ.

ಪಾಂಬೋಲ್ ಆರಿಸುತ್ತಿದ್ದ ಹುಡುಗನೊಬ್ಬನ ಕೈ ನನ್ನನ್ನು ಹಿಡಿದು ನಿಲ್ಲಿಸಿತು. ಈ ಮೀನಿಗೆ ಹುರುಪೆ ಇರೋದಿಲ್ಲ, ಮೈಮೇಲೆ ಬೆಳ್ಳಿ ಬಣ್ಣದ ಲೇಪ ಮಾತ್ರ. ಮುಟ್ಟಿದರೆ ಅಂಟುತ್ತದೆ. ರಾತ್ರಿಯೆಲ್ಲ ಅದನ್ನೇ ಎತ್ತಿ ಎತ್ತಿ ಅವನ ಮೊಣಕೈವರೆಗೆ ಬೆಳ್ಳಿ ಹತ್ತಿತ್ತು. ಉಗುರಿನ ಸಂದಿಯಲ್ಲಿ, ಕೈ ಗೆರೆಗಳಲ್ಲಿ, ಮಣಿಕಟ್ಟಿನ ಕೆಂಪು ದಾರದ ಮೇಲೂ. ದೀಪ ಬಿದ್ದಾಗ ಕೈ ಹೊಳೆಯುತ್ತಿತ್ತು. ಹೆಬ್ಬೆರಳಿಗೆ ಹಳೇ ಟ್ಯೂಬಿನ ರಬ್ಬರು ಸುತ್ತಿಕೊಂಡಿದ್ದ. ಈ ಮೀನಿನ ಹಲ್ಲು ಸೂಜಿ, ಸತ್ತ ಮೇಲೂ ಗೀರುತ್ತದೆ. ಕೇಳಿದೆ, "ಕೈಯದ್ದು ಒಂದು ಫೋಟೋ ತೆಗೆಯಲಾ?" ಅವನು ಒಡಿಶಾದವನು. ಕನ್ನಡ ಅಷ್ಟಕ್ಕಷ್ಟೇ, ತುಳು ಮಾತ್ರ ಚೆನ್ನಾಗಿ ಕಲಿತಿದ್ದ. ಎರಡೂ ಕೈ ಮುಂದೆ ಚಾಚಿದ. ಮುಖ ಬೇಡ ಅಂದ. ಸರಿ, ಮುಖ ತೆಗೆಯಲಿಲ್ಲ. ಈಗ ಮಲ್ಪೆಯ ಬೋಟುಗಳಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರು ಬೇಕಾದಷ್ಟು ಜನ ಇದ್ದಾರೆ. ಉತ್ತರ ಕನ್ನಡದಿಂದ ಬಂದವರಂತೂ ಮೊದಲಿಂದಲೂ ಇದ್ದಾರೆ.

ಅಲ್ಲಿಂದ ಮೀನು ಏಲಂಗೆ, ಅಂದರೆ ಹರಾಜಿಗೆ. ಐದು ಗಂಟೆಗೆಲ್ಲ ಅಲ್ಲಿ ನಿಲ್ಲೋಕೆ ಜಾಗ ಇಲ್ಲ. ಮಧ್ಯೆ ಮೀನಿನ ರಾಶಿ, ಸುತ್ತ ಹೆಂಗಸರು. ಸೀರೆ ಮೇಲೆ ಎತ್ತಿ ಕಟ್ಟಿ, ಸೊಂಟಕ್ಕೆ ದುಡ್ಡಿನ ಚೀಲ ಸಿಕ್ಕಿಸಿಕೊಂಡಿರುತ್ತಾರೆ. ಬೆಲೆ ಕೂಗುವವರ ಬಾಯಿಂದ ಅಂಕಿಗಳು ಎಷ್ಟು ಬೇಗ ಬರುತ್ತವೆ ಅಂದ್ರೆ ಗೆಳೆಯನಿಗೂ ಅರ್ಧ ಅರ್ಥವಾಗಲಿಲ್ಲ. ಕೊಳ್ಳುವವರು ಕೂಗುವುದೇ ಇಲ್ಲ. ಒಬ್ಬರು ಹುಬ್ಬು ಎತ್ತುತ್ತಾರೆ, ಇನ್ನೊಬ್ಬರು ಬೆರಳು ಅಲ್ಲಾಡಿಸುತ್ತಾರೆ, ಮುಗೀತು. ರಾಶಿ ಯಾರದ್ದೋ ಆಯಿತು, ಮುಂದಿನದ್ದು ಬಂತು. ಮೊಗವೀರ ಹೆಂಗಸರ ವ್ಯಾಪಾರದ ಬುದ್ಧಿ ನೋಡಬೇಕು ಅಂದ್ರೆ ಈ ಒಂದು ಗಂಟೆ ಇಲ್ಲಿ ನಿಲ್ಲಬೇಕು. ಕಡಲಿಗೆ ಹೋಗುವವರ ಕತೆ ಎಲ್ಲರೂ ಹೇಳುತ್ತಾರೆ. ತಂದ ಮೀನನ್ನು ದುಡ್ಡು ಮಾಡಿ ಮನೆ ನಡೆಸುವ ಇವರ ಕತೆ ಫೋಟೋಗಳಲ್ಲಿ ಕಡಿಮೆ. ನನಗೆ ಇವರ ಫೋಟೋ ಬೇಕಿತ್ತು.

"ಬದಿಟ್ ಉಂತುಲೆ ಮಾರಾಯ್ರೆ!" ಹಿಂದಿನಿಂದ ಒಬ್ಬ ಕೈಗಾಡಿ ತಳ್ಳಿಕೊಂಡು ಬಂದ. ಬದಿಗೆ ಸರಿದು ಒಂದು ಕಂಬಕ್ಕೆ ಬೆನ್ನು ಕೊಟ್ಟೆ. ಆ ಕಂಬದ ಬುಡ ಒಳ್ಳೆ ಜಾಗವಾಯಿತು. ಯಾರಿಗೂ ಅಡ್ಡ ಇಲ್ಲ, ಏಲಂ ಪೂರ್ತಿ ಕಾಣುತ್ತದೆ, ದೀಪದ ಬೆಳಕು ಎಡಗಡೆಯಿಂದ ಬರುತ್ತದೆ. ತುಂಬ ಹೊತ್ತು ಅಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಜನ ನನ್ನನ್ನು ನೋಡೋದು ಬಿಟ್ಟರು.

ಒಬ್ಬ ಅಕ್ಕ ಮಾತ್ರ ಬಿಡಲಿಲ್ಲ. ಬಂಗುಡೆ ಬುಟ್ಟಿ ತೆಗೆದುಕೊಂಡು ಮಂಜುಗಡ್ಡೆ ಹಾಕುತ್ತಾ ಕೇಳಿದರು.

"ಎಂತಕ್ಕೆ ಫೋಟೋ? ಪೇಪರಿಗಾ?"

"ಇಲ್ಲ ಅಕ್ಕ, ನಾನೇ ಇಟ್ಟುಕೊಳ್ಳೋಕೆ, ನಾಲ್ಕು ಜನಕ್ಕೆ ತೋರಿಸೋಕೆ. ನಿಮ್ಮದು ಒಂದು ತೆಗೆಯಲಾ?"

"ತೆಗೀರಿ. ನಾನು ಹೇಗೆ ಕಂಡ್ರೂ ಅಡ್ಡಿಲ್ಲ. ಬಂಗುಡೆ ಫ್ರೆಶ್ ಕಾಣ್ಬೇಕು. ಕಿವಿ ಕೆಂಪು ಕಾಣ್ಬೇಕು."

ಅವರೇ ಒಂದು ಬಂಗುಡೆ ಎತ್ತಿ ಕಿವಿರು ಬಿಡಿಸಿ ದೀಪದ ಕಡೆ ಹಿಡಿದರು. ಕಡು ಕೆಂಪು. ಬೆನ್ನ ಮೇಲಿನ ಹಸಿರು ನೀಲಿ ಗೆರೆ ಒಂದೊಂದೂ ಎದ್ದು ಕಾಣುತ್ತಿತ್ತು. ಕೈಬಳೆ, ಬೆರಳಿಗಂಟಿದ ಮಂಜಿನ ಹರಳು, ಹಿಂದೆ ಮಸುಕಾಗಿ ಏಲಂ. ಆ ದಿನದ ಒಳ್ಳೆಯ ಫೋಟೋ ಯಾವುದು ಅಂತ ಕೇಳಿದರೆ ಇದೇ. ಹೇಗೆ ತೆಗೆಯಬೇಕು ಅಂತ ತೀರ್ಮಾನಿಸಿದ್ದೂ ಅವರೇ.

ಆರೂವರೆಗೆ ದಕ್ಕೆಯ ತುದಿಗೆ ಹೋದೆವು. ಪಶ್ಚಿಮ ಕರಾವಳಿಯಲ್ಲಿ ಬೆಳಗಿನ ಫೋಟೋ ತೆಗೆಯುವವರು ಒಂದು ವಿಷಯ ತಿಳಿದಿರಬೇಕು. ನಮ್ಮಲ್ಲಿ ಸೂರ್ಯ ಕಡಲಿಂದ ಹುಟ್ಟೋದಿಲ್ಲ. ಚೆನ್ನೈಯಲ್ಲೋ ವಿಶಾಖಪಟ್ಟಣದಲ್ಲೋ ಕಡಲ ಮೇಲೆ ಕೆಂಪು ಚೆಂಡು, ಅದರ ಮುಂದೆ ಕಪ್ಪು ದೋಣಿ ಅಂತ ಫೋಟೋ ಸಿಗುತ್ತದೆ. ಮಲ್ಪೆಯಲ್ಲಿ ಸೂರ್ಯ ಬರುವುದು ಬೆನ್ನ ಹಿಂದೆ, ತೆಂಗಿನ ತೋಟದ ಮೇಲಿಂದ. ಕಡಲು ಎದುರಿಗೆ. ಸೂರ್ಯ ಹುಟ್ಟೋಕೆ ಇನ್ನೂ ಹತ್ತು ಹದಿನೈದು ನಿಮಿಷ ಇರುವಾಗ ಪಡುವಣ ಆಕಾಶದಲ್ಲಿ, ಕಡಲಿಗೆ ಅಂಟಿಕೊಂಡು ಬೂದು ನೀಲಿಯ ಪಟ್ಟಿ, ಅದರ ಮೇಲೆ ತಿಳಿ ಗುಲಾಬಿ. ಕೆಳಗಿನ ಆ ಬೂದು ಪಟ್ಟಿ ಭೂಮಿಯದ್ದೇ ನೆರಳು. ಅದು ಮೆಲ್ಲಗೆ ಕೆಳಗಿಳಿಯುತ್ತದೆ. ಅದೇ ಹೊತ್ತಿಗೆ ಅಳಿವೆಯಿಂದ ಬೋಟು ಬಂದರೆ ಅದರ ಮುಖಕ್ಕೆ ನೇರ ಬೆಳಕು. ಬಣ್ಣ, ಹೆಸರು, ಹಗ್ಗ, ಮುಂದೆ ನಿಂತ ಕಲಾಸಿಯ ನಿದ್ದೆಗಣ್ಣು, ಎಲ್ಲ ಕಾಣುತ್ತದೆ. ನನಗೆ ಇದು ಕಪ್ಪು ಆಕೃತಿಗಳಿಗಿಂತ ಜಾಸ್ತಿ ಇಷ್ಟ. ಹತ್ತು ದಿನ ಕಡಲಲ್ಲಿದ್ದು ಬಂದವರ ಮುಖವನ್ನು ಯಾಕೆ ಕಪ್ಪು ಮಾಡಬೇಕು?

ಬೋಟಿನ ಹಿಂದೆ ಕಡಲ ಹಕ್ಕಿಗಳ ಹಿಂಡು, ಮೇಲೆ ಗರುಡ. ಮಲ್ಪೆಯಲ್ಲಿ ಗರುಡಗಳಿಗೆ ಹೆದರಿಕೆಯೇ ಇಲ್ಲ, ತಲೆ ಮೇಲಿಂದ ಹಾದು ನೀರಲ್ಲಿ ತೇಲುವ ಮೀನು ಎತ್ತಿಕೊಂಡು ಹೋಗುತ್ತವೆ. ಎಂಟು ಗಂಟೆಗೆ ಬೆಳಕು ಬಿರುಸಾಯಿತು. ಬನ್ಸ್ ತಿಂದು ರೂಮಿಗೆ ಬಂದು, ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಕ್ಯಾಮೆರಾ ಒರೆಸಿ ಮಲಗಿದೆವು. ಉಪ್ಪುಗಾಳಿ ಹೊಡೆದ ಕ್ಯಾಮೆರಾವನ್ನು ಒಣಬಟ್ಟೆಯಲ್ಲಿ ಉಜ್ಜಬಾರದು, ಉಪ್ಪಿನ ಹರಳು ಗೀರು ಹಾಕುತ್ತದೆ.

ಶನಿವಾರ

ಇವತ್ತು ಪಡುಕೆರೆ. ಹೊಳೆಗೆ ಸೇತುವೆ ಇದೆ, ದಾಟಿದರೆ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ಮಧ್ಯೆ ಕಿರಿದಾದ ನೆಲ, ತೆಂಗಿನ ಮರ, ಮನೆ. ಆರು ಗಂಟೆಗೆ ದಡದಲ್ಲಿ ಕೈರಂಪಣಿ ಎಳೆಯುತ್ತಿದ್ದರು. ದೋಣಿಯಲ್ಲಿ ಬಲೆ ಒಯ್ದು ಕಡಲಲ್ಲಿ ಅರ್ಧ ವೃತ್ತ ಹಾಕಿ ಬರುತ್ತಾರೆ. ಬಲೆಯ ಎರಡೂ ತುದಿಯ ಹಗ್ಗವನ್ನು ದಡದಲ್ಲಿ ಎರಡು ಗುಂಪು ಎಳೆಯುತ್ತದೆ. ಎಳೆಯುತ್ತಾ ಎಳೆಯುತ್ತಾ ಎರಡು ಗುಂಪುಗಳೂ ಹತ್ತಿರ ಬರುತ್ತವೆ. ಇಂಜಿನ್ ಇಲ್ಲ, ಯಂತ್ರ ಇಲ್ಲ, ಸೊಂಟ ಮತ್ತು ಕಾಲಿನ ಬಲ ಅಷ್ಟೇ.

ಒಂದು ಕಾಲಕ್ಕೆ ಈ ಕರಾವಳಿಯಲ್ಲಿ ದೊಡ್ಡ ರಂಪಣಿ ಇತ್ತು. ಊರಿಗೆ ಊರೇ ಸೇರಿ ಎಳೆಯುವ ಬಲೆ, ಬಂದ ಮೀನಿನಲ್ಲಿ ಎಲ್ಲರಿಗೂ ಪಾಲು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬಂತು. ಬೂತಾಯಿ (ಸಾರ್ಡೀನ್), ಬಂಗುಡೆ ಹಿಂಡುಗಳು ದಡಕ್ಕೆ ಬರುವ ಮೊದಲೇ ಕಡಲಲ್ಲೇ ಬಲೆಗೆ ಬಿದ್ದವು. ಆಗ ರಂಪಣಿಯವರಿಗೂ ಪರ್ಸೀನಿನವರಿಗೂ ದೊಡ್ಡ ಜಗಳಗಳೇ ಆದವು. ಕೊನೆಗೆ ದೊಡ್ಡ ರಂಪಣಿ ಹೋಯಿತು, ಸಣ್ಣ ಕೈರಂಪಣಿ ಉಳಿಯಿತು. ಆಮೇಲೆ ರಾತ್ರಿ ಪ್ರಖರ ದೀಪ ಹಾಕಿ ಮೀನು ಸೆಳೆದು ಹಿಡಿಯುವ ಲೈಟ್ ಫಿಶಿಂಗ್ ಬಂತು. 2017ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ದಡದಲ್ಲಿ ಹಗ್ಗ ಹಿಡಿದ ಹಿರಿಯರೊಬ್ಬರು ಇದನ್ನೆಲ್ಲ ಹಗ್ಗ ಬಿಡದೆಯೇ ಹೇಳಿದರು. ಹೇಳುತ್ತಾ ಎಳೆಯುತ್ತಾ ಹಿಂದೆ ಹಿಂದೆ ಬರುತ್ತಿದ್ದರು, ನಾವೂ ಜೊತೆಗೆ ಹಿಂದೆ ಹಿಂದೆ. ಮಧ್ಯದಲ್ಲಿ ಗೆಳೆಯನೂ ಹಗ್ಗಕ್ಕೆ ಕೈ ಹಾಕಿದ.

ಇಲ್ಲಿ ಬೆಳಕು ಬಂದರಿಗೆ ಪೂರಾ ಉಲ್ಟಾ. ಎಳೆಯುವವರ ಮುಖ ಕಡಲಿನ ಕಡೆ, ಸೂರ್ಯ ಅವರ ಬೆನ್ನಿಗೆ. ಹಾಗಾಗಿ ನಾನು ಮೊಣಕಾಲುದ್ದ ನೀರಿಗಿಳಿದು ದಡದ ಕಡೆ ತಿರುಗಿ ನಿಂತೆ. ತೆಂಗಿನ ಮರಗಳ ಸಂದಿಯಿಂದ ಬಿಸಿಲು ಕೋಲು ಕೋಲಾಗಿ ಬಂತು. ಹಗ್ಗದಿಂದ ಸಿಡಿಯುವ ನೀರಿನ ಹನಿಗಳು ಬೆಳಗಿದವು. ಇಲ್ಲಿ ಆಕೃತಿಗಳು ಕಪ್ಪಾದದ್ದು ನನಗೆ ಹಿಡಿಸಿತು. ಯಾಕಂದ್ರೆ ಇಲ್ಲಿ ಒಬ್ಬೊಬ್ಬರ ಮುಖಕ್ಕಿಂತ ಎಲ್ಲರೂ ಒಂದೇ ಕೋನದಲ್ಲಿ ಹಿಂದಕ್ಕೆ ಬಾಗಿರುವುದು ಮುಖ್ಯ. ಹಗ್ಗ ಅವರನ್ನು ಒಂದು ಮಾಡಿತ್ತು.

ಬಲೆ ಬಂದಾಗ ಮೀನು ಕಡಿಮೆ. ಒಂದಿಷ್ಟು ಬೂತಾಯಿ, ಸ್ವಲ್ಪ ಸಿಗಡಿ, ನಾಲ್ಕೈದು ಕಾಣೆ. ಬೂತಾಯಿ ಹಾಗೆಯೇ, ಒಂದು ವರ್ಷ ರಾಶಿ ರಾಶಿ, ಇನ್ನೊಂದು ವರ್ಷ ಕಾಣೋಕೇ ಸಿಗೋದಿಲ್ಲ. ಅಲ್ಲೇ ಮರಳಿನ ಮೇಲೆ ಪಾಲು ಹಾಕಿದರು. ಹಗ್ಗ ಹಿಡಿದದ್ದಕ್ಕೆ ಗೆಳೆಯನಿಗೂ ಪಾಲು ಅಂತ ಒಂದು ಹಿಡಿ ಬೂತಾಯಿ ಕೊಟ್ಟೇ ಬಿಟ್ಟರು. ಬೇಡ ಅಂದರೆ ಕೇಳಲಿಲ್ಲ. ಮಧ್ಯಾಹ್ನ ಕಲ್ಮಾಡಿಯಲ್ಲಿ ಅವನ ಅತ್ತೆ ಅದಕ್ಕೆ ಪುಳಿಮುಂಚಿ ಮಾಡಿದರು, ಕುಚ್ಚಲಕ್ಕಿ ಅನ್ನದ ಜೊತೆ.

ಸಂಜೆ ಮತ್ತೆ ತಾಂಡೇಲರ ಹತ್ತಿರ ಕೂತೆವು. ಡಿಸೆಂಬರ್ ಆದ್ದರಿಂದಲೋ ಏನೋ ಮಾತು ತಾನಾಗೇ ಸುವರ್ಣ ತ್ರಿಭುಜದ ಕಡೆ ಹೋಯಿತು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಆಳಸಮುದ್ರದ ಬೋಟು, ಏಳು ಜನ. ಎರಡು ದಿನ ಕಳೆದ ಮೇಲೆ ಸಂಪರ್ಕ ಸಿಗಲಿಲ್ಲ. ತಿಂಗಳುಗಟ್ಟಲೆ ಹುಡುಕಾಟ. ಜನವರಿಯಲ್ಲಿ ಮೀನುಗಾರರು ಬಂದರು ಬಂದ್ ಮಾಡಿ ಹೆದ್ದಾರಿಗೆ ಇಳಿದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಕಡಲಲ್ಲಿ ನೌಕಾಪಡೆಗೆ ಬೋಟಿನ ಅವಶೇಷ ಸಿಕ್ಕಿತು. ಏಳು ಜನರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ. ತಾಂಡೇಲರು ಈ ವಿಷಯ ಹೇಳುವಾಗ ಧ್ವನಿ ಏರಿಸಲಿಲ್ಲ. "ಬೋಟು ಬರುವ ದಿನ ದಾಟಿ ಒಂದು ರಾತ್ರಿ ಆದ್ರೆ ಸಾಕು, ಈಗಲೂ ಮನೆಯವರು ಬಂದು ಇಲ್ಲಿ ನಿಲ್ತಾರೆ" ಅಂದರು. ನಿನ್ನೆ ಬೆಳಿಗ್ಗೆ ಅಳಿವೆ ಕಡೆ ನೋಡುತ್ತಾ ನಿಂತಿದ್ದ ಇಬ್ಬರು ಹೆಂಗಸರನ್ನು ನಾನೂ ನೋಡಿದ್ದೆ. ಫೋಟೋ ತೆಗೆದಿರಲಿಲ್ಲ. ತೆಗೆಯಬೇಕು ಅಂತ ಈಗಲೂ ಅನ್ನಿಸುವುದಿಲ್ಲ.

ಭಾನುವಾರ

ಗಂಗೊಳ್ಳಿಗೆ ಹೋಗಬೇಕಂದ್ರೆ ಮೂರು ಗಂಟೆಗೇ ಏಳಬೇಕು. ಹೆದ್ದಾರಿ 66 ಹಿಡಿದು ಕುಂದಾಪುರ ದಾಟಿ, ಹೆಮ್ಮಾಡಿ, ಮುಳ್ಳಿಕಟ್ಟೆಯಲ್ಲಿ ಎಡಕ್ಕೆ ತಿರುಗಿದೆವು. ಕುಂದಾಪುರದಲ್ಲಿ ನಿಂತರೆ ಗಂಗೊಳ್ಳಿ ಹೊಳೆಯ ಆಚೆ ಕಣ್ಣೆದುರೇ ಇದೆ. ರಸ್ತೆಯಲ್ಲಿ ಮಾತ್ರ ಇಷ್ಟು ಸುತ್ತು. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಐದು ಹೊಳೆಗಳೂ ಕೂಡಿ ಪಂಚಗಂಗಾವಳಿಯಾಗಿ ಇಲ್ಲಿ ಕಡಲು ಸೇರುತ್ತವೆ.

ಗಂಗೊಳ್ಳಿ ಮಲ್ಪೆಯಷ್ಟು ದೊಡ್ಡದಲ್ಲ. ಹಾಗಾಗಿ ಉಸಿರಾಡೋಕೆ ಜಾಗ ಇದೆ, ನಿಂತು ನೋಡೋಕೆ ಸಮಯ ಇದೆ. ಮಾತೂ ಬೇರೆ. ತುಳು ನಿಂತು ಹೋಗುತ್ತದೆ, ಕುಂದಾಪ್ರ ಕನ್ನಡ ಶುರುವಾಗುತ್ತದೆ, ಖಾರ್ವಿ ಜನರ ಬಾಯಲ್ಲಿ ಕೊಂಕಣಿ. ಬೂತಾಯಿ ಇಲ್ಲಿ ಬೈಗೆ. "ಹ್ವಾಯ್, ಸ್ವಲ್ಪ ಬದಿಗ್ ಬನ್ನಿ ಮರ್ರೆ" ಅಂತ ಒಬ್ಬರು ಕ್ರೇಟು ಎಳೆದುಕೊಂಡು ಹೋದರು. ಎಳೆಯುವ ಕೊಕ್ಕೆಯ ಸದ್ದು ಮಾತ್ರ ಅದೇ.

2023ರ ದೀಪಾವಳಿ ಹೊತ್ತಿಗೆ ಇಲ್ಲಿ ನಿಲ್ಲಿಸಿದ್ದ ಬೋಟುಗಳಿಗೆ ಬೆಂಕಿ ಬಿದ್ದು ಹಲವಾರು ಬೋಟು ಸುಟ್ಟು ಹೋದವು. ಆಗ ಪೇಪರಿನಲ್ಲಿ ನೋಡಿದ್ದೆ. ಬಂದ ಮೇಲೆ ಆ ವಿಷಯ ಎತ್ತಬೇಕಾ ಬೇಡವಾ ಅಂತ ಯೋಚಿಸುತ್ತಿದ್ದೆ. ಬಲೆ ಸರಿ ಮಾಡುತ್ತಾ ಕೂತವರೇ ಎತ್ತಿದರು. ಒಂದು ಬೋಟು ಅಂದ್ರೆ ಒಂದು ಮನೆಯ ಸಾಲ, ಐದಾರು ಮನೆಯ ಊಟ. ಬೆಂಕಿ ಆರಿದ ಮೇಲೂ ಸಾಲ ಆರೋದಿಲ್ಲ ಅಂದರು. ಅವರ ಕೈ ಮಾತ್ರ ನಿಲ್ಲಲಿಲ್ಲ. ಹರಿದ ಕಣ್ಣಿಗೆ ದಾರ ಹಾಕಿ, ಗಂಟು ಬಿಗಿದು, ಹಲ್ಲಲ್ಲಿ ಕಡಿದು, ಮುಂದಿನ ಕಣ್ಣಿಗೆ. ಬಲೆಯ ಒಂದು ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಮಾಡಿಕೊಂಡಿದ್ದರು. ನೆಲದಲ್ಲಿ ಕೂತು ಆ ಕಾಲು, ದಾರ, ಕೈ ಮೂರೂ ಸೇರುವ ಹಾಗೆ ತೆಗೆದೆ.

ಬೆಳಕಿನ ವಿಷಯದಲ್ಲಿ ಗಂಗೊಳ್ಳಿ ನನಗೆ ಮಲ್ಪೆಗಿಂತ ಹಿಡಿಸಿತು. ಊರಿನ ಪಡುವಣಕ್ಕೆ ಕಡಲು, ಮೂಡಣಕ್ಕೆ ಅಗಲ ಹೊಳೆ. ಹೊಳೆಯ ಆಚೆ ದೂರದಲ್ಲಿ ಘಟ್ಟ, ತಿಳಿ ದಿನವಾದರೆ 1,343 ಮೀಟರ್ ಎತ್ತರದ ಕೊಡಚಾದ್ರಿಯೂ ಕಾಣುತ್ತದೆ. ಹಾಗಾಗಿ ಪಶ್ಚಿಮ ಕರಾವಳಿಯಲ್ಲಿ ಇದ್ದುಕೊಂಡೇ ನೀರಿನ ಮೇಲೆ ಸೂರ್ಯ ಹುಟ್ಟುವುದು ಇಲ್ಲಿ ಸಿಗುತ್ತದೆ. ಘಟ್ಟದ ಹಿಂದಿಂದ ಬರಬೇಕಾದ್ದರಿಂದ ಸ್ವಲ್ಪ ತಡ. ಆ ತಡದಲ್ಲೇ ಮಜಾ ಇದೆ. ಆಕಾಶ ಕಿತ್ತಳೆಯಾಗಿ, ಘಟ್ಟ ಒಂದರ ಹಿಂದೆ ಒಂದು ನೀಲಿ ಪದರವಾಗಿ, ಹೊಳೆ ಮೇಲೆ ತೆಳ್ಳಗೆ ಮಂಜು. ಆಗ ಸಣ್ಣ ದೋಣಿಯಲ್ಲಿ ಒಬ್ಬರು ಬೀಡುಬಲೆ ಎತ್ತುತ್ತಾ ಮೆಲ್ಲಗೆ ದಾಟಿದರು. ಉದ್ದ ಲೆನ್ಸ್ ಹಾಕಿದ್ದು ಈ ಪ್ರವಾಸದಲ್ಲಿ ಆಗ ಮಾತ್ರ.

ಆಮೇಲೆ ಮತ್ತೆ ಮೀನಿನ ಹಿಂದೆ. ಏಲಂ ಮುಗಿದ ಮೇಲೆ ಪಿಕಪ್ ಗಾಡಿಗಳು ತುಂಬಿ ಹೊರಟವು. ಒಂದರ ಡ್ರೈವರಣ್ಣನನ್ನು ಎಲ್ಲಿಗೆ ಅಂತ ಕೇಳಿದೆ. ಘಟ್ಟದ ಮೇಲಕ್ಕೆ, ಹೊಸನಗರ, ತೀರ್ಥಹಳ್ಳಿ ಕಡೆಗೆ ಅಂದ. ನಮ್ಮ ಕೇರಿಗೆ ಬೈಕಲ್ಲಿ ಹಾರ್ನ್ ಒತ್ತಿಕೊಂಡು ಹತ್ತು ಗಂಟೆಗೆ ಬರುವ ಮೀನು ಹೀಗೆ ಹೊರಟದ್ದು. ಅವನು ಕ್ರೇಟುಗಳ ಮೇಲೆ ಮಂಜುಗಡ್ಡೆ ಸುರಿದು, ಟಾರ್ಪಾಲು ಎಳೆದು, ಹಗ್ಗ ಬಿಗಿದು, ಕೊನೆಗೆ ಕನ್ನಡಿಗೆ ಸಿಕ್ಕಿಸಿದ ಹೂವಿನ ಮಾಲೆ ಸರಿ ಮಾಡಿ ಹೊರಡುವವರೆಗೂ ತೆಗೆದೆ. ಬಸ್ ಸ್ಟಾಪಿನಲ್ಲಿ ಬುಟ್ಟಿ ಇಟ್ಟುಕೊಂಡು ಕಾಯುವ ಹೆಂಗಸರನ್ನೂ ತೆಗೆದೆ, ಕೇಳಿಯೇ. ಕೆಲವರು ಬೇಡ ಅಂದರು. ಬೇಡ ಅಂದವರನ್ನು ಇನ್ನೊಂದು ಸಲ ಕೇಳಬಾರದು.

ಸೋಮವಾರ

ಹೊರಡುವ ದಿನ. ಭಾನುವಾರ ಸಂಜೆಯೇ ಉಡುಪಿಯ ಒಂದು ಸ್ಟುಡಿಯೋದಲ್ಲಿ ಕೆಲವು ಫೋಟೋ ಪ್ರಿಂಟ್ ಹಾಕಿಸಿದ್ದೆ. ಐದು ಗಂಟೆಗೆ ಏಲಂ ನಡೆಯುವ ಜಾಗಕ್ಕೆ ಹೋದೆವು. ಬಂಗುಡೆಯ ಅಕ್ಕ ಅದೇ ಜಾಗದಲ್ಲಿ ಇದ್ದರು. ಪ್ರಿಂಟು ಕೊಟ್ಟೆ. ಸೆರಗಿಗೆ ಕೈ ಒರೆಸಿ ತೆಗೆದುಕೊಂಡು ದೀಪದ ಕೆಳಗೆ ಹಿಡಿದು ನೋಡಿದರು. ಮೊದಲು ನೋಡಿದ್ದು ಮೀನನ್ನು.

"ಕಿವಿ ಸರಿ ಬಂದಿದೆ" ಅಂದರು. ಆಮೇಲೆ ಪಕ್ಕದವರಿಗೆ ಕೊಟ್ಟರು. ಅದು ಕೈಯಿಂದ ಕೈಗೆ ಹೋಗಿ ಏಲಂ ಸುತ್ತಿನಲ್ಲೇ ಒಂದು ಸುತ್ತು ಬಂತು. ಪ್ರಿಂಟಿಗೆ ನೀರು ಹತ್ತೀತು ಅಂತ ಅವರೇ ಕೂಗಿ ವಾಪಸ್ ಕರೆಸಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದುಡ್ಡಿನ ಚೀಲದ ಹಿಂದೆ ಇಟ್ಟುಕೊಂಡರು. ಪಾಂಬೋಲಿನ ಹುಡುಗನ ಬೋಟು ಶನಿವಾರವೇ ಹೊರಟು ಹೋಗಿತ್ತು. ಅವನ ಕೈಯ ಪ್ರಿಂಟನ್ನು ತಾಂಡೇಲರ ಹತ್ತಿರ ಕೊಟ್ಟಿದ್ದೇನೆ, ಬೋಟು ಬಂದಾಗ ಕೊಡುತ್ತಾರೆ.

ಅಷ್ಟರಲ್ಲಿ ಇನ್ನೊಬ್ಬ ಅಕ್ಕ ಸೊಂಟಕ್ಕೆ ಕೈ ಕೊಟ್ಟು ಎದುರು ನಿಂತರು. "ನಾನೂ ಅವತ್ತು ಇಲ್ಲೇ ಇದ್ದೆ. ನಂದು ಎಲ್ಲಿ?"

ಅವರದ್ದು ತೆಗೆದೆ. ಅವರ ಹಿಂದಿನವರದ್ದು ತೆಗೆದೆ. ಮಾಂಜಿ ಹಿಡಿದು ಒಬ್ಬರು, ಸಿಗಡಿ ರಾಶಿಯ ಮುಂದೆ ಮೂವರು ಒಟ್ಟಿಗೆ, ಮಗಳನ್ನು ಕರೆದು ನಿಲ್ಲಿಸಿಕೊಂಡು ಇನ್ನೊಬ್ಬರು. ಏಲಂ ಕೂಗುವವರೂ ಕೊನೆಗೆ ಕಾಲರ್ ಸರಿ ಮಾಡಿಕೊಂಡು ಬಂದರು. ಎಂಟು ಗಂಟೆಯವರೆಗೆ ಅದೇ ಕೆಲಸ. ಎಲ್ಲರ ಪ್ರಿಂಟೂ ಸಂಕ್ರಾಂತಿಯೊಳಗೆ ಕಳಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ವಿಳಾಸ ಕೇಳಿದ್ದಕ್ಕೆ ಎಲ್ಲರೂ ಸೇರಿ ಕೊಟ್ಟದ್ದು ಒಂದೇ ವಿಳಾಸ, ದಕ್ಕೆ ಪಕ್ಕದ ಆ ಚಹಾ ಅಂಗಡಿಯದ್ದು.